ಲಾರಿಯ ಗಾಜು, ಕಂಪನಿಯ ಹೊಣೆ

ಲಂಡನ್ ನಗರದ ಎಲ್ಲೆಯೊಳಗೆ 12 ಟನ್ನಿಗೆ ಮೀರಿದ ಯಾವ ಲಾರಿಯೇ ಆಗಲಿ, ಹಗಲಾಗಲಿ ಇರುಳಾಗಲಿ, ಸುರಕ್ಷತೆಯ ಪರವಾನಗಿಯಿಲ್ಲದೆ ಸಂಚರಿಸಕೂಡದೆಂದೂ, ಆ ಪರವಾನಗಿಯನ್ನು ನೀಡುವ ಮುನ್ನ ಚಾಲಕನು ತನ್ನ ಆಸನದಲ್ಲಿ ಕುಳಿತು ಗಾಜಿನ ಮೂಲಕ ಕಣ್ಣಾರೆ ಎಷ್ಟನ್ನು ಕಾಣಬಲ್ಲನೆಂಬುದನ್ನು ಪರಿಗಣಿಸತಕ್ಕದ್ದೆಂದೂ ವಿಧಿಸುವ ನಿಯಮವೊಂದು 2021ನೆಯ ಇಸವಿಯ ಮಾರ್ಚ್ 1ರಿಂದ ಜಾರಿಯಲ್ಲಿದೆ. ‘ಡೈರೆಕ್ಟ್ ವಿಷನ್ ಸ್ಟ್ಯಾಂಡರ್ಡ್’ ಎಂದು ಇದರ ಹೆಸರು. ಸೈಕಲ್ ಸವಾರರ ಪ್ರಾಣರಕ್ಷಣೆಗಾಗಿ ನಗರವೊಂದು ಕೈಗೊಂಡ ಕ್ರಮಗಳಲ್ಲಿ ಇಷ್ಟು ವಿವೇಕಯುತವಾದವು ವಿರಳವೆಂದು ನಾನು ಭಾವಿಸುತ್ತೇನೆ. ಆದರೆ ಅದು ಲಾರಿಯನ್ನು ಪರೀಕ್ಷಿಸಿದಷ್ಟು ನಿಷ್ಠುರವಾಗಿ ಲಾರಿಯನ್ನು ಕಳುಹಿಸಿದವರನ್ನು ಪರೀಕ್ಷಿಸಲಿಲ್ಲವೆಂಬುದೂ ನನ್ನ ದೃಢವಾದ ಅಭಿಪ್ರಾಯ.

ಈ ನಿಯಮದ ಗುಣವನ್ನು ತೂಗಿನೋಡಬೇಕಾದರೆ ಸಾವು ಸಂಭವಿಸುವ ಬಗೆಯನ್ನು ಮೊದಲು ಅರಿಯಬೇಕು. ನಮ್ಮಲ್ಲಿಯಂತೆಯೇ ಅಲ್ಲಿಯೂ ವಾಹನಗಳು ರಸ್ತೆಯ ಎಡಮಗ್ಗುಲಲ್ಲಿ ಸಾಗುತ್ತವೆ, ಚಾಲಕನು ಬಲಗಡೆ ಕುಳಿತಿರುತ್ತಾನೆ. ಕೆಂಪುದೀಪಕ್ಕೆ ನಿಂತ ಲಾರಿಯ ಎಡಪಕ್ಕದಲ್ಲಿ ಸೈಕಲ್ ಸವಾರಳೊಬ್ಬಳು ಬಂದು ನಿಂತರೆ, ಎತ್ತರದಲ್ಲಿ ಕುಳಿತ ಚಾಲಕನ ದೃಷ್ಟಿಗೂ ಅವಳಿಗೂ ನಡುವೆ ಬಾಗಿಲಿನ ತಗಡು ಅಡ್ಡವಾಗುತ್ತದೆ. ದೀಪ ಹಸಿರಾದೊಡನೆ ಲಾರಿ ಎಡಕ್ಕೆ ಹೊರಳಿದಾಗ, ಮುಂದಿನ ಚಕ್ರಗಳ ಜಾಡಿಗಿಂತ ಒಳಮಗ್ಗುಲಾಗಿ ಹಿಂದಿನ ಚಕ್ರಗಳು ಹಾಯುವುದರಿಂದ, ಅವಳಿಗೆ ಉಳಿದಿದ್ದ ಅವಕಾಶ ಕ್ಷಣಕ್ಷಣಕ್ಕೂ ಕಿರಿದಾಗಿ ಕಡೆಗೆ ಇಲ್ಲವಾಗುತ್ತದೆ. ಕಟ್ಟಡದ ಕೆಲಸಕ್ಕೆ ಮಣ್ಣು ಜಲ್ಲಿಗಳನ್ನು ಹೊರುವ ಟಿಪ್ಪರುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಹಳ್ಳದಿಣ್ಣೆಗಳ ನೆಲಕ್ಕೆಂದು ಎತ್ತರಿಸಿ ಕಟ್ಟಿದ ಆ ವಾಹನಗಳು ತಮ್ಮ ಆಯುಷ್ಯದ ಬಹುಭಾಗವನ್ನು ಡಾಂಬರು ರಸ್ತೆಯಲ್ಲಿಯೇ ಕಳೆಯುತ್ತವೆ. 2013ರ ನವೆಂಬರಿನಲ್ಲಿ, ಎರಡು ವಾರಗಳೊಳಗಾಗಿ, ಆರು ಮಂದಿ ಸೈಕಲ್ ಸವಾರರು ಲಂಡನ್ನಿನ ಬೀದಿಗಳಲ್ಲಿ ಬಸ್ಸು ಲಾರಿಗಳಿಗೆ ಸಿಕ್ಕಿ ಮಡಿದರು. ನಗರದಲ್ಲಿ ವಾಹನಗಳೆಲ್ಲ ಕ್ರಮಿಸುವ ದೂರದಲ್ಲಿ ಭಾರಿ ಲಾರಿಗಳ ಪಾಲು ನೂರಕ್ಕೆ ಸುಮಾರು 4. 2015ರಿಂದ 2017ರವರೆಗಿನ ಸೈಕಲ್ ಸವಾರರ ಮರಣಗಳಲ್ಲಿ ಅವುಗಳ ಪಾಲು ನೂರಕ್ಕೆ 63.

ಇಂತಹ ಮರಣಗಳಿಗೆ ಬಹುಕಾಲದವರೆಗೆ ಸೂಚಿಸಲ್ಪಡುತ್ತಿದ್ದ ಪರಿಹಾರ ಎರಡೇ: ಸವಾರರು ಎಚ್ಚರವಾಗಿರಲಿ, ಲಾರಿಗೆ ಇನ್ನೊಂದು ಕನ್ನಡಿಯಿರಲಿ. 2015ರ ಸೆಪ್ಟೆಂಬರಿನಿಂದ 3.5 ಟನ್ನಿಗೆ ಮೀರಿದ ವಾಹನಗಳಿಗೆ ಪಕ್ಕದ ತಡೆಕಂಬಿಗಳನ್ನೂ ಹೆಚ್ಚಿನ ಕನ್ನಡಿಗಳನ್ನೂ ಕಡ್ಡಾಯಗೊಳಿಸಿದ್ದು ಒಳ್ಳೆಯದೇ ಆಯಿತು. ಅದುವರೆಗೆ ಟಿಪ್ಪರುಗಳಿಗೆ ತಡೆಕಂಬಿಯಿಂದ ವಿನಾಯಿತಿಯಿತ್ತೆಂಬುದನ್ನು ನೆನೆದರೆ ಈಗಲೂ ಮನಸ್ಸು ಕುದಿಯುತ್ತದೆ. ಆದರೆ ಆರು ಕನ್ನಡಿಗಳನ್ನು ಒಂದಾದಮೇಲೊಂದರಂತೆ ನೋಡಿ ಮುಗಿಸುವಷ್ಟರಲ್ಲಿ ಮೊದಲನೆಯ ಕನ್ನಡಿಯಲ್ಲಿ ಕಂಡ ಜಗತ್ತು ಬದಲಾಗಿಹೋಗಿರುತ್ತದೆ. ಲೀಡ್ಸ್ ವಿಶ್ವವಿದ್ಯಾನಿಲಯದವರು ನಡೆಸಿದ ಪ್ರಯೋಗದಲ್ಲಿ, ಗಾಜಿನ ಮೂಲಕ ನೇರವಾಗಿ ಕಂಡವರಿಗಿಂತ ಕನ್ನಡಿಯಲ್ಲಿ ಕಂಡವರು 0.7 ಸೆಕೆಂಡು ತಡವಾಗಿ ಪ್ರತಿಕ್ರಿಯಿಸಿದರು. ಗಂಟೆಗೆ 15 ಮೈಲಿ ವೇಗದ ಲಾರಿ ಆ ಅವಧಿಯಲ್ಲಿ 4.7 ಮೀಟರು ಮುಂದೆ ಸಾಗಿರುತ್ತದೆ. ಸೈಕಲ್ಲಿನ ಉದ್ದ ಎರಡು ಮೀಟರನ್ನೂ ಮುಟ್ಟುವುದಿಲ್ಲ.

ಲಾರಿಯ ವಿನ್ಯಾಸವನ್ನೇ ಪ್ರಶ್ನಿಸಿದ್ದರಲ್ಲಿ ಈ ನಿಯಮದ ಹಿರಿಮೆಯಿದೆ. ಪ್ರತಿಯೊಂದು ಮಾದರಿಗೂ ಸೊನ್ನೆಯಿಂದ ಐದರವರೆಗೆ ನಕ್ಷತ್ರಗಳನ್ನು ಕೊಡುವ ಈ ಪದ್ಧತಿಯಿಂದ, ಕಾಣದಿರುವುದು ದೈವಘಟನೆಯಲ್ಲ, ಕಾರ್ಖಾನೆಯಲ್ಲಿ ನಿರ್ಧಾರವಾದ ಸಂಗತಿ, ಕೊಳ್ಳುವಾಗ ಕಂಪನಿ ಒಪ್ಪಿಕೊಂಡ ಸಂಗತಿ ಎಂಬುದು ಬಯಲಾಯಿತು. ತಗ್ಗಾದ ಕ್ಯಾಬಿನ್ನು, ಪೂರ್ಣ ಗಾಜಿನ ಬಾಗಿಲು, ಪಾದಚಾರಿಯ ಕಣ್ಣಿಗೆ ಸರಿಸಮನಾದ ಆಸನ ಇವುಗಳುಳ್ಳ ಲಾರಿಗಳು ನಗರದ ಕಸ ಸಾಗಿಸುವ ಕೆಲಸದಲ್ಲಿ ಹಿಂದಿನಿಂದಲೂ ಇದ್ದವು.

2024ರ ಅಕ್ಟೋಬರ್ 28ರಿಂದ ಕನಿಷ್ಠ ಮೂರು ನಕ್ಷತ್ರಗಳಿರಬೇಕೆಂದು ಮಿತಿಯನ್ನು ಏರಿಸಿದರು. ಅಷ್ಟಿಲ್ಲದ ಲಾರಿಗಳು ಕ್ಯಾಮೆರಾ, ಸಂವೇದಕ, ಎಚ್ಚರಿಕೆಯ ಗಂಟೆಗಳ ಒಂದು ಸಮುಚ್ಚಯವನ್ನು ಅಳವಡಿಸಿಕೊಂಡರೆ ಪರವಾನಗಿ ಪಡೆಯಬಹುದೆಂದೂ ಹೇಳಿದರು. ಹಳೆಯ ಲಾರಿಗಳಲ್ಲಿಯೇ ದುಡಿದು ಬದುಕುವ ಸಣ್ಣ ಮಾಲೀಕರನ್ನು ನೆನೆದು ಮಾಡಿದ ಈ ರಿಯಾಯಿತಿಯ ಹಿಂದಿನ ಕರುಣೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ನೇರ ದೃಷ್ಟಿಯ ಮಹತ್ತ್ವವನ್ನು ಸಾರಿ ಹೇಳಿದ ನಿಯಮವು ಅದಿಲ್ಲದ ಲಾರಿಯನ್ನು ಒಳಗೆ ಬಿಟ್ಟದ್ದು ತನ್ನ ತತ್ತ್ವವನ್ನೇ ಸಡಿಲಿಸಿಕೊಂಡಂತಾಯಿತು.

ಇನ್ನು ಹೊಣೆಗಾರಿಕೆಯ ವಿಷಯ. ಕಟ್ಟಡದ ಬೇಲಿಯೊಳಗೆ ಟಿಪ್ಪರು ಕೂಲಿಯವನೊಬ್ಬನ ಮೇಲೆ ಹರಿದರೆ ಅದು ಕೆಲಸದ ಸ್ಥಳದ ಮರಣವೆನಿಸಿ, ಅಧಿಕಾರಿಗಳು ಬಂದು, ಕಂಪನಿಯ ಕಾಗದಪತ್ರಗಳನ್ನು ಕೇಳುತ್ತಾರೆ. ಅದೇ ಟಿಪ್ಪರು ಗೇಟನ್ನು ದಾಟಿ ಬೀದಿಯಲ್ಲಿ ಸೈಕಲ್ ಸವಾರನ ಮೇಲೆ ಹರಿದರೆ ಅದು ಸಾಮಾನ್ಯವಾಗಿ ಚಾಲಕನೊಬ್ಬನ ಅಜಾಗರೂಕತೆಯ ಪ್ರಕರಣವಾಗಿ ಪರಿಣಮಿಸುತ್ತದೆ. ಈ ಅಂತರವನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡವರು ಮಕ್ಕಳನ್ನು ಕಳೆದುಕೊಂಡವರು. 2000ದಲ್ಲಿ ಕಾಂಕ್ರೀಟ್ ಮಿಕ್ಸರಿಗೆ ಸಿಕ್ಕಿ ಮಡಿದ ಸೈಕಲ್ ಸವಾರಳೊಬ್ಬಳ ತಾಯಿ, ಆ ಲಾರಿಯ ಕಂಪನಿಯ ಷೇರುಗಳನ್ನು ಕೊಂಡು, ಷೇರುದಾರಳಾಗಿ ವಾರ್ಷಿಕ ಸಭೆಗೆ ಹೋಗಿ ಪ್ರಶ್ನೆ ಕೇಳಿದರು; ಕಂಪನಿ ತನ್ನ ಲಾರಿಗಳಿಗೆ ಸಂವೇದಕಗಳನ್ನು ಅಳವಡಿಸಿತು. ಶೋಕದಲ್ಲಿದ್ದ ತಾಯಿಯೊಬ್ಬಳು ಷೇರು ಕೊಂಡು ಸಾಧಿಸಬೇಕಾಗಿ ಬಂದದ್ದನ್ನು ರಾಜ್ಯವು ತಾನಾಗಿಯೇ ಮಾಡಬಾರದಿತ್ತೆ?

ಕಾನೂನಿಗೆ ಆ ಶಕ್ತಿಯಿಲ್ಲವೆಂದಲ್ಲ. 2015ರಲ್ಲಿ ಬಾತ್ ನಗರದ ಇಳಿಜಾರಿನಲ್ಲಿ ಬ್ರೇಕು ಕೆಟ್ಟ ಟಿಪ್ಪರೊಂದು ನಾಲ್ವರನ್ನು ಬಲಿತೆಗೆದುಕೊಂಡಾಗ, ನ್ಯಾಯಾಲಯದಲ್ಲಿ ಚಾಲಕನು ನಿರ್ದೋಷಿಯೆಂದು ಬಿಡುಗಡೆಯಾದನು, ಮಾಲೀಕನೂ ಮೆಕ್ಯಾನಿಕ್ಕೂ ನರಹತ್ಯೆಯ ಅಪರಾಧಿಗಳೆಂದು ಸೆರೆಮನೆಗೆ ಹೋದರು. ಸಾಗಾಣಿಕೆಯ ಲೈಸೆನ್ಸುಗಳನ್ನು ಕೊಡುವ ಟ್ರಾಫಿಕ್ ಕಮಿಷನರುಗಳಿಗೆ ಕಂಪನಿಯನ್ನು ಬಹಿರಂಗ ವಿಚಾರಣೆಗೆ ಕರೆಯುವ, ಲೈಸೆನ್ಸನ್ನು ರದ್ದುಪಡಿಸುವ ಅಧಿಕಾರವೂ ಉಂಟು.

ಲಂಡನ್ನಿನ ಪರವಾನಗಿ ಮಾತ್ರ ವಾಹನಕ್ಕೆ ಅಂಟಿಕೊಂಡಿದೆ. ಅದಿಲ್ಲದೆ ಬಂದವರಿಗೆ ದಂಡ 550 ಪೌಂಡು, 14 ದಿನಗಳೊಳಗೆ ಕಟ್ಟಿದರೆ ಅದರಲ್ಲಿ ಅರ್ಧ. ಚಾಲಕನಿಗೆ ಹೇರೊಂದಕ್ಕೆ ಇಷ್ಟೆಂದು ಕೂಲಿ ಗೊತ್ತುಮಾಡಿದವರು ಯಾರು, ಕಾಂಕ್ರೀಟು ಹತ್ತು ನಿಮಿಷ ತಡವಾದರೆ ಅವನನ್ನು ಗದರಿಸುವ ಗುತ್ತಿಗೆದಾರನು ಯಾರು, ಶಾಲೆ ಬಿಡುವ ಹೊತ್ತಿಗೇ ಆ ಬೀದಿಯಲ್ಲಿ ಹೋಗೆಂದು ದಾರಿ ಬರೆದುಕೊಟ್ಟವರು ಯಾರು ಎಂಬ ಪ್ರಶ್ನೆಗಳಿಗೆ ಆ ಅರ್ಜಿಯಲ್ಲಿ ಸ್ಥಳವಿಲ್ಲ. ಗಾಜನ್ನು ಅಳೆಯುವ ವಿದ್ಯೆ ಸಿದ್ಧಿಸಿದ ಮೇಲೆ ಈ ಪ್ರಶ್ನೆಗಳನ್ನೂ ಅರ್ಜಿಗೆ ಸೇರಿಸಿ, ಉತ್ತರಗಳ ಕೆಳಗೆ ಚಾಲಕನದಲ್ಲ, ಕಂಪನಿಯ ನಿರ್ದೇಶಕನದೇ ಸಹಿಯಿರಬೇಕೆಂದು ವಿಧಿಸುವುದಕ್ಕೆ ಹೊಸ ಯಂತ್ರವಾವುದೂ ಬೇಕಿಲ್ಲ.