ಬೀಗರ ಮನೆಯಲ್ಲೊಂದು ಡಿಸ್ಕ್

ಬೇಸಗೆಗೆ ಯಾವ ಡಿಸ್ಕ್ ತಾಳುತ್ತದೆ ಎಂಬುದನ್ನು ಈ ವಾರ ಬರೆಯುವುದಾಗಿ ಮಾತು ಕೊಟ್ಟಿದ್ದೆ. ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುವ ತೆಲಂಗಾಣದ ಗಡಿಯ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನಂಥ ಊರುಗಳಲ್ಲಿ ಸಿನಿಮಾ ಕೂಡಿಟ್ಟವರು ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಮಾತ್ರ ಚಿಕ್ಕದು. ತಿಂಗಳುಗಟ್ಟಲೆ ಅಲಮಾರಿಯಲ್ಲಿ ಮಲಗಿಸಿಡುವುದಕ್ಕೆ ತಿರುಗುವ ಹಾರ್ಡ್ ಡಿಸ್ಕೇ ಸರಿ. ಎಸ್‌ಎಸ್‌ಡಿ ಓಡಾಟಕ್ಕೆ ಗಟ್ಟಿ, ಆದರೆ ಅದರೊಳಗೆ ಹಿಡಿದಿಟ್ಟ ವಿದ್ಯುದಂಶ ಕರೆಂಟಿಲ್ಲದೆ ಕುಳಿತಾಗ ಸೋರುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ ಸೋರುತ್ತದೆ. ಬರೆದೂ ಬರೆದೂ ಆಯುಷ್ಯ ತೀರಿದ ಮನೆಬಳಕೆಯ ಎಸ್‌ಎಸ್‌ಡಿ 30 ಡಿಗ್ರಿಯಲ್ಲಿ ಒಂದು ವರ್ಷ ನೆನಪಿಟ್ಟುಕೊಂಡರೆ ಸಾಕು ಎಂಬುದು ಆ ಉದ್ಯಮವೇ ಹಾಕಿಕೊಂಡಿರುವ ಅಳತೆ. ಮನೆಯಲ್ಲಿ ಬರೆದ ಡಿವಿಡಿಯ ಬಣ್ಣದ ಪದರ ಬಿಸಿಲಿಗೂ ಸೆಕೆಗೂ ಕೆಡುತ್ತದೆ. ತಾಂಡೂರಿನವರಿಗೆ ಇನ್ನೊಂದು ಮಾತು: ಕಲ್ಲು ಕೊಯ್ದು ಪಾಲಿಶ್ ಮಾಡುವ ಮಷೀನುಗಳ ದೂಳು ಡಿಸ್ಕಿನ ಒಳಕ್ಕೆ ಇಳಿಯುವುದು ಕಡಿಮೆ, ಅದರ ಗಾಳಿಕಿಂಡಿಗೆ ಫಿಲ್ಟರ್ ಇದೆ; ದೂಳು ಕೂರುವುದು ಫ್ಯಾನಿನ ಮೇಲೆ, ಯುಎಸ್‌ಬಿ ಬಾಯಲ್ಲಿ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಯಾವ ಡಿಸ್ಕ್ ಎಂಬ ಪ್ರಶ್ನೆಗೆ ಎಷ್ಟೇ ಒಳ್ಳೆಯ ಉತ್ತರ ಸಿಕ್ಕರೂ ಅದರಿಂದ ಸಿನಿಮಾ ಉಳಿಯುವುದಿಲ್ಲ. ಎಷ್ಟು ಪ್ರತಿ, ಯಾರ ಮನೆಯಲ್ಲಿ ಎಂದು ಕೇಳಿದಾಗ ಮಾತ್ರ ಉಳಿಯುತ್ತದೆ. ಅದಕ್ಕೆ ನಮ್ಮ ನೆರೆಯಲ್ಲೇ ಸಾವಿರ ವರ್ಷದ ಸಾಕ್ಷಿ ಇರುವಾಗ ಬೇಸಗೆಯ ಮಾತು ಇಲ್ಲಿಗೆ ನಿಲ್ಲಲಿ.

ತಾಂಡೂರಿನಲ್ಲಿ ವಾಡಿ ಕಡೆಯ ಪ್ಯಾಸೆಂಜರ್ ಹತ್ತಿದರೆ ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಎಂಬ ನಿಲ್ದಾಣ ಬರುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎಂಬ ಬಿರುದು ಪಡೆದ ಪೊನ್ನ ಅಲ್ಲಿಯ ಕವಿ. ಅವನ ಹೆಸರಿನಲ್ಲಿ ಎರಡು ದೊಡ್ಡ ಕನ್ನಡ ಕಾವ್ಯಗಳ ಮಾತು ಬರುತ್ತದೆ: ಶಾಂತಿಪುರಾಣ ಮತ್ತು ಭುವನೈಕರಾಮಾಭ್ಯುದಯ. 972ರಲ್ಲಿ ಪರಮಾರರ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಮರುವರ್ಷವೇ ರಾಜ್ಯ ಚಾಲುಕ್ಯ ತೈಲಪನ ಕೈಗೆ ಹೋಯಿತು. ಹೀಗೆ ಅರಮನೆ ಕೈಬಿಟ್ಟ ಕಾಲದಲ್ಲಿ ಕಾವ್ಯವನ್ನು ಕೈಹಿಡಿದವಳು ಅತ್ತಿಮಬ್ಬೆ. ಅವಳ ತಂದೆ ಮಲ್ಲಪ, ಚಿಕ್ಕಪ್ಪ ಪುನ್ನಮಯ್ಯ ತಮ್ಮ ಗುರು ಜಿನಚಂದ್ರದೇವರ ನೆನಪಿಗಾಗಿ ಪೊನ್ನನಿಂದ ಬರೆಸಿದ್ದೇ ಶಾಂತಿಪುರಾಣ. ಅದನ್ನು ಅತ್ತಿಮಬ್ಬೆ ಓಲೆಗರಿಯ ಮೇಲೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಸಾವಿರ ಪ್ರತಿ ಎಂದರೆ ಆ ಕಾಲದಲ್ಲಿ ಏನೆಂದು ಸ್ವಲ್ಪ ನಿಂತು ಯೋಚಿಸಬೇಕು. ಅಚ್ಚಿಲ್ಲ, ಕಾಗದವಿಲ್ಲ. ಗರಿ ಕೊಯ್ದು, ಬೇಯಿಸಿ, ಒಣಗಿಸಿ, ಸಮ ಮಾಡಿ, ಕಂಟದಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ತೀಡಿ ಒಂದು ಕಟ್ಟು ಸಿದ್ಧವಾಗಬೇಕು. ಅಂಥ ಸಾವಿರ ಕಟ್ಟು. ಒಂದೇ ಬಸದಿಯ ಭಂಡಾರದಲ್ಲಿ ಪೇರಿಸಿಡಲು ಯಾರೂ ಅಷ್ಟು ಪ್ರತಿ ಮಾಡಿಸುವುದಿಲ್ಲ. ಅವು ಊರೂರಿಗೆ, ಬೇರೆ ಬೇರೆ ಕೈಗಳಿಗೆ ಹೋಗಲೆಂದೇ ಆದವು. ಇವತ್ತು ಶಾಂತಿಪುರಾಣ ನಮಗೆ ಓದಲು ಸಿಗುತ್ತದೆ. ಅದೇ ಕವಿಯ ಭುವನೈಕರಾಮಾಭ್ಯುದಯ ಸಿಗುವುದಿಲ್ಲ.

ಇದಕ್ಕೆ ಎರಡು ಆಕ್ಷೇಪ ಬರುತ್ತವೆ, ಎರಡೂ ತೂಕದವು. ಅತ್ತಿಮಬ್ಬೆ ಮಾಡಿದ್ದು ಶಾಸ್ತ್ರದಾನ, ಪುಣ್ಯಕಾರ್ಯ; ಅದನ್ನು ಬ್ಯಾಕಪ್ ಎನ್ನುವುದು ಸರಿಯೇ ಎಂಬುದು ಮೊದಲನೆಯದು. ಅವಳ ಸಂಕಲ್ಪ ಪುಣ್ಯದ್ದೇ, ಒಪ್ಪೋಣ. ಫಲವನ್ನು ಸಂಕಲ್ಪದಿಂದ ಬೇರೆಯಾಗಿ ನೋಡಲು ಅಡ್ಡಿಯಿಲ್ಲ. ಎರಡನೆಯದು ಇನ್ನೂ ಗಟ್ಟಿ: ಪಂಪನ ವಿಕ್ರಮಾರ್ಜುನ ವಿಜಯಕ್ಕೆ ಯಾವ ಅತ್ತಿಮಬ್ಬೆ ಇದ್ದಳು, ಕವಿರಾಜಮಾರ್ಗಕ್ಕೆ ಯಾರು ಸಾವಿರ ಪ್ರತಿ ಮಾಡಿಸಿದರು, ಅವು ಉಳಿಯಲಿಲ್ಲವೇ? ಉಳಿದವು, ನಿಜ. ಓದುವವರು ಇದ್ದುದರಿಂದ ಉಳಿದವು. ಓಲೆಯ ಕಾಲದಲ್ಲಿ ಓದಬೇಕೆಂದವನು ಬರೆದುಕೊಳ್ಳಬೇಕಿತ್ತು, ಆದ್ದರಿಂದ ಪ್ರತಿ ತಾನಾಗಿ ಹುಟ್ಟುತ್ತಿತ್ತು. ಅತ್ತಿಮಬ್ಬೆ ಬರೆಸಿದ ಓಲೆಗಳೇ ನಮ್ಮ ಕಾಲದವರೆಗೆ ಬಂದಿಲ್ಲ. ಬಂದದ್ದು ಪ್ರತಿಯ ಪ್ರತಿ, ಅದರ ಪ್ರತಿ. ಹೀಗಾಗಿ ಈ ಆಕ್ಷೇಪ ನನ್ನ ಮಾತಿಗೆ ಎದುರು ನಿಲ್ಲುವುದಿಲ್ಲ, ಅದರ ಎರಡನೆಯ ಅರ್ಧವನ್ನು ಸೇರಿಸುತ್ತದೆ: ಪ್ರತಿಗಳು ಹಲವೆಡೆ ಇರಬೇಕು, ಮೇಲಾಗಿ ಕಾಲಕಾಲಕ್ಕೆ ಮರುಪ್ರತಿಯಾಗುತ್ತಿರಬೇಕು.

ಇದರ ಪಕ್ಕಕ್ಕೆ ನಮ್ಮ ಸಿನಿಮಾದ ಲೆಕ್ಕ ಇಟ್ಟು ನೋಡಿ. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ ತೆರೆಗೆ ಬಂದದ್ದು 1934ರಲ್ಲಿ. ಅದನ್ನು ನೋಡಲು ಇಂದು ಒಂದು ಪ್ರಿಂಟೂ ಇಲ್ಲ. ಹತ್ತನೆಯ ಶತಮಾನದ ಕಾವ್ಯ ಇದೆ, ಇನ್ನೂ ನೂರು ತುಂಬದ ಸಿನಿಮಾ ಇಲ್ಲ. ಸೆಲ್ಯುಲಾಯ್ಡ್ ಓಲೆಗಿಂತ ನಾಜೂಕು ಎಂಬುದು ಒಂದು ಕಾರಣವಾದರೆ, ಪ್ರೇಕ್ಷಕ ಟಿಕೇಟು ಕೊಳ್ಳಬಹುದಿತ್ತೇ ಹೊರತು ಪ್ರತಿ ಕೊಳ್ಳುವಂತಿರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಪ್ರಿಂಟು ನಿರ್ಮಾಪಕನದು, ವಿತರಕನದು. ಓಟ ಮುಗಿದ ಮೇಲೆ ಅದು ಅವರಿಗೇ ಭಾರ. ಪುಣೆಯ ಚಲನಚಿತ್ರ ಭಂಡಾರದಲ್ಲಿ 2003ರ ಜನವರಿಯಲ್ಲಿ ಬೆಂಕಿ ಬಿದ್ದು ಹಳೆಯ ನೈಟ್ರೇಟ್ ರೀಲುಗಳು ಸುಟ್ಟುಹೋದಾಗ ದೇಶಕ್ಕೆ ತಿಳಿದದ್ದು ಎಲ್ಲವನ್ನೂ ಒಂದೇ ಕಡೆ ಕೂಡಿಟ್ಟದ್ದರ ಅಪಾಯ. ಭಂಡಾರ ಬೇಡವೆಂದಲ್ಲ. ಗಿರೀಶ್ ಕಾಸರವಳ್ಳಿಯವರ 1977ರ ಘಟಶ್ರಾದ್ಧ ಹೊಸದಾಗಿ ಸಿಂಗರಿಸಿಕೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ಬೆಳಗಿದ್ದು ಅದರ ಮೂಲ ನೆಗೆಟಿವ್ ಪುಣೆಯಲ್ಲಿ ಜೋಪಾನವಾಗಿದ್ದುದರಿಂದ. ಆದರೆ ನೋಡುಗನ ಮನೆಯಲ್ಲಿ ಪ್ರತಿ ಇರುವುದು ಸಾಧ್ಯವಾದದ್ದು ಕ್ಯಾಸೆಟ್ಟು, ಡಿಸ್ಕು ಬಂದ ಮೇಲೆ. ಸಿನಿಮಾದ ಪಾಲಿಗೆ ಓಲೆಗರಿಯ ಕಾಲ ಈಗ ಶುರುವಾಗಿದೆ. ಅದನ್ನು ನಾವು ಹೇಗೆ ಬಳಸುತ್ತಿದ್ದೇವೆ?

ಇಲ್ಲಿ ನನ್ನ ಹಳೆಯ ತಕರಾರು ಎತ್ತಲೇಬೇಕು. ಮನೆಯ ನೆಟ್‌ವರ್ಕಿಗೆ ಜೋಡಿಸುವ ನಾಲ್ಕು ಡಿಸ್ಕಿನ ನ್ಯಾಸ್ ಡಬ್ಬಿ ಕೊಂಡು, ಡಿಸ್ಕುಗಳನ್ನು ಒಂದಕ್ಕೊಂದು ಆಸರೆಯಾಗುವಂತೆ ಹೆಣೆಯುವ ರೇಡ್ ಹಾಕಿಸಿ, ಒಂದು ಡಿಸ್ಕ್ ಸತ್ತರೆ ಉಳಿದವು ಕಾಯುತ್ತವೆ ಎಂದು ನೆಮ್ಮದಿಯಾಗಿರುವವರ ಬಳಗ ಬೆಳೆಯುತ್ತಿದೆ. ಅವರ ಲೆಕ್ಕ ಒಂದು ಅರ್ಥದಲ್ಲಿ ಸರಿ. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿ ತನ್ನಲ್ಲಿ ಓಡುವ ಲಕ್ಷಾಂತರ ಡಿಸ್ಕುಗಳ ಸಾವಿನ ಲೆಕ್ಕವನ್ನು ಪ್ರಕಟಿಸುತ್ತದೆ. 2023ರಲ್ಲಿ ಅದು ನೂರಕ್ಕೆ 1.4ರಷ್ಟು. ಎಂದರೆ ವರ್ಷಕ್ಕೆ ಸುಮಾರು 70 ಡಿಸ್ಕಿಗೆ ಒಂದು. ಎರಡು ಡಿಸ್ಕ್ ಒಂದೇ ವರ್ಷ ಸಾಯುವ ಸಂಭವ ಗುಣಿಸಿದರೆ ಐದು ಸಾವಿರಕ್ಕೆ ಒಂದರ ಹತ್ತಿರ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಹೀಗೆ ಗುಣಿಸಬೇಕಾದರೆ ಎರಡು ಡಿಸ್ಕುಗಳ ಗಂಡಾಂತರ ಬೇರೆ ಬೇರೆ ಇರಬೇಕು. ಒಂದೇ ಡಬ್ಬಿ, ಒಂದೇ ಪ್ಲಗ್ಗು, ಒಂದೇ ಮೇಜು ಆದರೆ ಗುಣಾಕಾರಕ್ಕೆ ಅರ್ಥವೇ ಇಲ್ಲ. ಮುಂಗಾರಿಗೆ ಮುಂಚಿನ ಒಂದು ಸಿಡಿಲು, ಟ್ರಾನ್ಸ್‌ಫಾರ್ಮರ್ ಕೆಟ್ಟು ಏರಿದ ಒಂದು ವೋಲ್ಟೇಜು, ಒಬ್ಬ ಕಳ್ಳ ಸಾಕು. ಅದಕ್ಕಿಂತ ಕೆಟ್ಟದ್ದು ಯಜಮಾನನದೇ ಕೈತಪ್ಪು: ತಪ್ಪಿ ಅಳಿಸಿದ ಫೈಲನ್ನು ರೇಡ್ ಎಲ್ಲ ಡಿಸ್ಕಿನಿಂದಲೂ ಆ ಕ್ಷಣವೇ ಅಳಿಸುತ್ತದೆ, ಫೈಲಿಗೆ ಬೀಗ ಜಡಿದು ಹಣ ಕೇಳುವ ವೈರಸ್ಸು ಬಂದರೆ ಎಲ್ಲ ಡಿಸ್ಕಿಗೂ ಬೀಗ. ಡಿಸ್ಕ್ ಕೆಟ್ಟರೂ ಸಿನಿಮಾ ನಡುವೆ ನಿಲ್ಲಬಾರದು ಎನ್ನುವವರಿಗೆ ರೇಡ್ ಬೇಕು. ಅದು ಬ್ಯಾಕಪ್ ಅಲ್ಲ. ಆ ಹಣದಲ್ಲಿ ಬಿಡಿ ಡಿಸ್ಕ್ ಎರಡು ಕೊಂಡು, ಬೇರೆ ಬೇರೆ ಊರಿನಲ್ಲಿಟ್ಟವನ ಸಂಗ್ರಹ ಹೆಚ್ಚು ಭದ್ರ.

ಬೇರೆ ಊರು ಎಂದಾಗ ಪಟ್ಟಣದ ಪುಸ್ತಕಗಳು ಬ್ಯಾಂಕ್ ಲಾಕರ್, ಆಫೀಸಿನ ಡ್ರಾಯರ್ ಎನ್ನುತ್ತವೆ. ನಮ್ಮ ಮೂರು ಊರುಗಳಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ಇತಿಹಾಸವೇ ಮಾಡಿಟ್ಟಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಕಲಬುರಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಗಿನ ಆಂಧ್ರಪ್ರದೇಶಕ್ಕೆ ಹೋದವು. ಬೀದರ್ ಜಿಲ್ಲೆಯಿಂದ ನಾರಾಯಣಖೇಡ ಹೋಯಿತು. ನಿರ್ಣಾ ಹೋಬಳಿಯೊಂದನ್ನು ಬಿಟ್ಟು ಜಹೀರಾಬಾದ್ ಹೋಯಿತು. ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಹೋಬಳಿಯೂ ಹೋಯಿತು. ಹೋಬಳಿ ಲೆಕ್ಕದಲ್ಲಿ ಕತ್ತರಿಸಿದ ಗೆರೆ ಅದು. ನೆಲ ಹಂಚಿಹೋಯಿತು, ಲಗ್ನಸಂಬಂಧ ಹಂಚಿಹೋಗಲಿಲ್ಲ. ಇವತ್ತಿಗೂ ಜಹೀರಾಬಾದಿನ ಕನ್ನಡ ಮನೆಗೆ ಬೀದರದಲ್ಲೋ ಹುಮನಾಬಾದಿನಲ್ಲೋ ಬೀಗರು, ತಾಂಡೂರಿನವರಿಗೆ ಸೇಡಂ, ಚಿಂಚೋಳಿಯಲ್ಲಿ. ಬೀದರ್ ಜಹೀರಾಬಾದಿನಿಂದ ಮೂವತ್ತು ಕಿಲೋಮೀಟರ್ ಆಸುಪಾಸು: ಒಂದೇ ಸಿಡಿಲು ಎರಡೂ ಮನೆಗೆ ಬೀಳದಷ್ಟು ದೂರ, ಹಬ್ಬಕ್ಕೆ ಹೋದಾಗ ಕೈಚೀಲದಲ್ಲಿ ಒಯ್ಯುವಷ್ಟು ಹತ್ತಿರ. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಶಿವರಾತ್ರಿಗೆಂದು ಆ ಕಡೆಯವರು ಬಂದೇ ಬರುತ್ತಾರೆ. ಬರುವಾಗ ಒಂದು ಡಿಸ್ಕ್ ತರಲಿ, ಹೋಗುವಾಗ ಹೊಸದು ತುಂಬಿದ ಇನ್ನೊಂದನ್ನು ಒಯ್ಯಲಿ. ಮನೆಯೊಳಗಿನ ವಿಡಿಯೊ ಬೀಗರ ಕೈಗೆ ಕೊಡುವುದು ಹೇಗೆ ಎಂಬ ಸಂಕೋಚ ಸಹಜ. ಡಿಸ್ಕಿಗೆ ಪಾಸ್‌ವರ್ಡ್ ಹಾಕಿ ಕೊಡಬಹುದು, ಆದರೆ ಆ ಪಾಸ್‌ವರ್ಡ್ ಮನೆಯ ಇಬ್ಬರಿಗಾದರೂ ಗೊತ್ತಿರಬೇಕು. ಒಬ್ಬರ ತಲೆಯಲ್ಲೇ ಇರುವ ಪಾಸ್‌ವರ್ಡ್ ಕೂಡ ಒಂದೇ ಪ್ರತಿಯೇ.

ಎಲ್ಲ ಒಟಿಟಿಯಲ್ಲಿ ಸಿಗುವಾಗ ಇಷ್ಟೆಲ್ಲ ಏಕೆ ಎನ್ನುವವರಿಗೆ ದೂರದ ಉದಾಹರಣೆ ಬೇಕಿಲ್ಲ. ಕಾಂತಾರ 2022ರ ನವೆಂಬರಿನಲ್ಲಿ ಪ್ರೈಮ್ ವಿಡಿಯೊಗೆ ಬಂದಾಗ ವರಾಹ ರೂಪಂ ಹಾಡು ಥಿಯೇಟರಿನಲ್ಲಿ ಕೇಳಿದ ರಾಗದಲ್ಲಿ ಇರಲಿಲ್ಲ. ಹಾಡಿನ ಹಕ್ಕಿನ ಬಗ್ಗೆ ಕೋರ್ಟಿನಲ್ಲಿ ವ್ಯಾಜ್ಯವಿತ್ತು, ಹಾಗಾಗಿ ರಾಗ ಬದಲಾಗಿತ್ತು. ಆಮೇಲೆ ಮೂಲ ಹಾಡು ಮರಳಿತು. ಯಾರು ಸರಿ, ಯಾರು ತಪ್ಪು ಎಂಬುದು ಇಲ್ಲಿಯ ಮಾತಲ್ಲ. ಕೋಟ್ಯಂತರ ಜನ ನೋಡಿದ ಚಿತ್ರದ ಎದೆಯಂಥ ಹಾಡನ್ನು ಎಲ್ಲರ ಮನೆಯಲ್ಲೂ ಏಕಕಾಲಕ್ಕೆ ಬದಲಾಯಿಸಬಹುದು ಎಂದರೆ ಎಲ್ಲರ ಮನೆಯಲ್ಲಿರುವುದು ಒಂದೇ ಪ್ರತಿ ಎಂದಾಯಿತು. ಕದ್ದ ಪ್ರತಿಯ ಪರವಾಗಿ ಈ ಅಂಕಣ ಎಂದೂ ವಾದಿಸಿಲ್ಲ. ಕೊಂಡ ಡಿಸ್ಕ್ ಇಟ್ಟುಕೊಳ್ಳಿ. ಚಲನಚಿತ್ರದ ಹಕ್ಕುಸ್ವಾಮ್ಯ ನಮ್ಮಲ್ಲಿ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಆದ್ದರಿಂದ 1954ರ ಬೇಡರ ಕಣ್ಣಪ್ಪ, 1960ರ ರಣಧೀರ ಕಂಠೀರವದಂಥ ಚಿತ್ರಗಳ ಆ ಅವಧಿ ಮುಗಿದಿದೆ. ಕೂಡಿಡಲು ಅಲ್ಲಿಂದ ತೊಡಗುವುದು ಒಳ್ಳೆಯದು. ಫೈಲಿನ ಹೆಸರಿಗೆ ಇಸವಿ ಸೇರಿಸುವುದನ್ನು ಮಾತ್ರ ಮರೆಯಬೇಡಿ: 1973ರದೂ ಗಂಧದ ಗುಡಿ, 2022ರದೂ ಗಂಧದ ಗುಡಿ, ಇಸವಿ ಇಲ್ಲದಿದ್ದರೆ ಪ್ರತಿ ಮಾಡುವ ಭರದಲ್ಲಿ ಒಂದು ಇನ್ನೊಂದನ್ನು ನುಂಗುತ್ತದೆ.

ಮರುಪ್ರತಿಯ ವಿಷಯಕ್ಕೆ ಜಹೀರಾಬಾದ್ ಬಿಟ್ಟು ಬೇರೆಡೆ ಪಾಠ ಹುಡುಕಬೇಕಿಲ್ಲ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ದಲಿತ ಹೆಣ್ಣುಮಕ್ಕಳು ಜೋಳ, ನವಣೆ, ಸಾವೆ, ತೊಗರಿಯ ಹಳೆಯ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಆ ಸಂಸ್ಥೆ ಕಟ್ಟಿದವರಲ್ಲಿ ಮುಖ್ಯರಾದ, 2023ರಲ್ಲಿ ತೀರಿಕೊಂಡ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ಕೆಲಸ ಮಾಡಿದವರು. ಅದೇ ಹೆಣ್ಣುಮಕ್ಕಳು ಕ್ಯಾಮೆರಾ ಹಿಡಿದು ಚಿತ್ರ ತೆಗೆದದ್ದೂ, 2008ರಿಂದ ಮಾಚನೂರಿನಲ್ಲಿ ಸಂಘಂ ರೇಡಿಯೊ ನಡೆಸಿದ್ದೂ ಇದೇ ನೆಲದಲ್ಲಿ. ಅವರ ಬೀಜದ ಕ್ರಮ ನೋಡಿ. ತಿನ್ನುವ ಜೋಳ ಹಗೇವಿನಲ್ಲಿ ಮುಚ್ಚಿಟ್ಟರೆ ಸರಿ, ಬೀಜಕ್ಕೆ ಅದು ಸಾಲದು. ಬೂದಿ, ಬೇವಿನ ಸೊಪ್ಪು ಬೆರೆಸಿ ಗಡಿಗೆಯಲ್ಲೋ ಮಣ್ಣು ಮೆತ್ತಿದ ಬುಟ್ಟಿಯಲ್ಲೋ ಇಟ್ಟ ಬೀಜವೂ ಬಿತ್ತದೆ ಬಿಟ್ಟರೆ ಸಾಯುತ್ತದೆ. ಬಿತ್ತಿ, ಬೆಳೆದು, ಹೊಸ ಬೀಜ ಮತ್ತೆ ಗಡಿಗೆಗೆ ಬರಬೇಕು. ಒಬ್ಬಳು ಒಯ್ದದ್ದಕ್ಕಿಂತ ಹೆಚ್ಚು ಮರಳಿಸಬೇಕು, ಆಗ ಇನ್ನೊಬ್ಬಳ ಮನೆಗೂ ಹೋಗುತ್ತದೆ. ಡಿಸ್ಕಿನದೂ ಇದೇ ಬಾಳು. ತುಂಬಿ ಮುಚ್ಚಿಟ್ಟರೆ ಮುಗಿಯಲಿಲ್ಲ; ವರ್ಷಕ್ಕೆರಡು ಸಲ ತಿರುಗಿಸಬೇಕು, ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಬಿತ್ತಬೇಕು. ಬಿತ್ತುವ ಮುಂಚೆ ರೈತರು ಹಿಡಿಬೀಜವನ್ನು ಒದ್ದೆಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡುತ್ತಾರಲ್ಲ, ಫೈಲಿನ ಎಲ್ಲ ಬಿಟ್ಟುಗಳಿಂದ ಲೆಕ್ಕ ಹಾಕಿ ತೆಗೆಯುವ ಚೆಕ್‌ಸಮ್ ಎಂಬ ಗುರುತುಸಂಖ್ಯೆಯ ಕೆಲಸವೂ ಅದೇ. ವ್ಯತ್ಯಾಸ ಇಷ್ಟೇ: ಬಹುಪಾಲು ಕಾಳು ಮೊಳೆತರೆ ಹೊಲಕ್ಕೆ ಸಾಕು, ಫೈಲಿನಲ್ಲಿ ಪ್ರತಿಯೊಂದು ಬಿಟ್ಟೂ ಸರಿಯಿರಬೇಕು. ಹತ್ತು ನಿಮಿಷ ಸಿನಿಮಾ ಓಡಿಸಿ ನೋಡುವುದು ಪರೀಕ್ಷೆಯಲ್ಲ. ತುಂಬಿದ ದಿನವೇ ಚೆಕ್‌ಸಮ್ ಬರೆದಿಟ್ಟು, ಆರು ತಿಂಗಳಿಗೊಮ್ಮೆ ಮತ್ತೆ ಲೆಕ್ಕ ಹಾಕಿಸಿ ಹೋಲಿಸಬೇಕು. ಕಂಪ್ಯೂಟರ್ ರಾತ್ರಿಯೆಲ್ಲ ತಾನೇ ಮಾಡುವ ಕೆಲಸ ಅದು.

ಯಾವುದನ್ನು ಮೊದಲು ಪ್ರತಿ ಮಾಡಬೇಕು ಎಂಬುದರಲ್ಲಿ ಸಿನಿಮಾ ಪ್ರೇಮಿಗಳು ನನ್ನನ್ನು ಕ್ಷಮಿಸಬೇಕು. ಭೂತಯ್ಯನ ಮಗ ಅಯ್ಯು ನಿಮ್ಮ ಡಿಸ್ಕಿನಿಂದ ಹೋದರೆ ಇನ್ನೊಬ್ಬರಲ್ಲಿ ಸಿಗುತ್ತದೆ. ತೊಂಬತ್ತರ ದಶಕದ ಲಗ್ನದ ವಿಎಚ್‌ಎಸ್ ಕ್ಯಾಸೆಟ್ಟು, ಈಗಿಲ್ಲದ ಅಜ್ಜಿಯ ದನಿ ಇರುವ ಕುಬಸದ ವಿಡಿಯೊ ಇನ್ನೆಲ್ಲೂ ಸಿಗುವುದಿಲ್ಲ. ವಿಎಚ್‌ಎಸ್ ಪ್ಲೇಯರ್ ಮಾಡುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು. ಈಗ ಸಿಗುವುದೆಲ್ಲ ಹಳೆಯ ಯಂತ್ರ, ಅದರ ಹೆಡ್ಡು ದಿನದಿನಕ್ಕೆ ಸವೆಯುತ್ತಿದೆ. ಕ್ಯಾಸೆಟ್ಟಿಗೆ ಬೂಸು ಹಿಡಿದಿದ್ದರೆ ಒರೆಸದೆ ಓಡಿಸಬೇಡಿ, ಬೂಸು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಮೊದಲ ಸಲ ಓಡಿಸುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಎರಡನೆಯ ಸಲ ಅದು ಓಡುತ್ತದೆ ಎಂಬ ಭರವಸೆಯಿಲ್ಲ. ಮೂರು ಗಂಟೆಯ ಲಗ್ನ ಇಳಿಯಲು ಮೂರು ಗಂಟೆಯೇ ಬೇಕು. ಇಳಿಸಿದ ಫೈಲಿನ ಒಂದು ಪ್ರತಿ ಹೆಣ್ಣಿನ ಕಡೆಯವರ ಮನೆಯಲ್ಲಿ, ಒಂದು ಗಂಡಿನ ಕಡೆಯವರ ಮನೆಯಲ್ಲಿ ಇರಲಿ. ಆ ವಿಡಿಯೊದಲ್ಲಿ ಎರಡೂ ಮನೆಯವರಿದ್ದಾರೆ.