ಐಸೊಬೆಲ್ ಗೌಡಿಯ ಹೇಳಿಕೆ: ಒಂದು ಪಾಠವಿಚಾರ

ಸ್ಕಾಟ್ಲೆಂಡಿನ ನೈರ್ನ್ ಪಟ್ಟಣದ ಬಳಿ ಆಲ್ಡರ್ನ್ ಎಂಬ ಗ್ರಾಮವುಂಟು. ಆ ಸೀಮೆಯ ಜಾನ್ ಗಿಲ್ಬರ್ಟನ ಪತ್ನಿ ಐಸೊಬೆಲ್ ಗೌಡಿಯು ಮಾಟಗಾತಿಯೆಂಬ ಆರೋಪಕ್ಕೆ ಗುರಿಯಾಗಿ, ಕ್ರಿ. ಶ. 1662ನೆಯ ಏಪ್ರಿಲ್ 13ರಿಂದ ಮೇ 27ರ ವರೆಗೆ ನಾಲ್ಕಾವರ್ತಿ ತಪ್ಪೊಪ್ಪಿಗೆ ಕೊಟ್ಟಳು. ಬರೆದುಕೊಂಡವನು ಜಾನ್ ಇನ್ನೆಸ್. 1833ರಲ್ಲಿ ಅಚ್ಚು ಹಾಕಿಸಿದವನು ರಾಬರ್ಟ್ ಪಿಟ್ಕೇರ್ನ್. 1563ರ ಶಾಸನದಂತೆ ಈ ಅಪರಾಧಕ್ಕೆ ಮರಣವೇ ದಂಡವಾಗಿದ್ದುದರಿಂದ, ಇದರಲ್ಲಿ ಯಾವ ಮಾತು ಯಾರದೆಂಬುದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ.

ಬಲಾತ್ಕಾರವಿಲ್ಲದೆ ಈಕೆ ನುಡಿದಳೆಂದು ಹೇಳಿಕೆಯಲ್ಲಿದೆ. ಪ್ರಾಪ್ತಿಯಿಲ್ಲದಲ್ಲಿ ನಿಷೇಧವಿಲ್ಲವೆಂಬುದು ಶಾಸ್ತ್ರಜ್ಞರ ಮಾರ್ಗ. ಶಂಕೆಯೇ ಇಲ್ಲದಿದ್ದರೆ ಅಲ್ಲಗಳೆಯುವ ಅಗತ್ಯವೇನಿದ್ದಿತು? ಈ ವಾಕ್ಯ ಲಿಪಿಕಾರನದೇ ಸರಿ.

ಮುಖ್ಯವಾದುದು ಬೇರೆ. ಡೌನಿ ಬೆಟ್ಟದಲ್ಲಿ ಕಿನ್ನರರ ರಾಣಿ ತನಗೆ ಉಣ್ಣಲಾರದಷ್ಟು ಆಹಾರವಿತ್ತಳೆಂದು ಈಕೆ ಹೇಳುತ್ತಾಳೆ. (ಬೇರೆ ಪದ ದೊರೆಯದೆ ಕಿನ್ನರರೆಂದೆನು, ನಮ್ಮ ಕಿನ್ನರರಿಗೂ ಇವರಿಗೂ ಸಾಮ್ಯ ಅಲ್ಪ.) ರಾಣಿಯ ಬಿಳಿಯ ವಸ್ತ್ರ, ಅರಸನ ಅಗಲವಾದ ಮುಖ—ವರ್ಣನೆ ಕಳೆಯೇರುವಷ್ಟರಲ್ಲಿ ‘ಇತ್ಯಾದಿ’ ಎಂಬರ್ಥದ ಸಂಕೇತ ಬಂದು ಮಾತನ್ನು ಕಡಿದುಹಾಕುತ್ತದೆ. ನಮ್ಮ ಓಲೆಯ ಪ್ರತಿಗಳಲ್ಲಿಯೂ ಸಂಕ್ಷೇಪವುಂಟು. ಆದರೆ ಅಲ್ಲಿ ಬಿಡುವುದು ಎಲ್ಲರಿಗೂ ಬಾಯಿಪಾಠವಾದ ಭಾಗವನ್ನು. ಇನ್ನೆಸನು ಬಿಟ್ಟುದಾದರೋ ಅವಳೊಬ್ಬಳೇ ಬಲ್ಲ ಭಾಗವನ್ನು! ಸೈತಾನನು ಆಲ್ಡರ್ನಿನ ಚರ್ಚಿನಲ್ಲಿ ರಾತ್ರಿ ಈಕೆಯ ಹೆಗಲಿಗೆ ಗುರುತಿಟ್ಟು, ರಕ್ತ ಹೀರಿ, ಜ್ಯಾನೆಟ್ ಎಂದು ಹೆಸರಿಟ್ಟ ಸಂಗತಿ ಮಾತ್ರ ಸಾವಧಾನವಾಗಿ ಬರೆಯಲ್ಪಟ್ಟಿದೆ. ವಿಚಾರಕರಿಗೆ ಬೇಕಾದುದು ಅದು.

ಈ ವಿವೇಚನೆಯಿಲ್ಲದೆಯೇ 1921ರಲ್ಲಿ ಮಾರ್ಗರೆಟ್ ಮರೆಯವರು, ಹದಿಮೂರು ಜನರ ಗುಂಪೆಂದು ಇಲ್ಲಿರುವುದನ್ನೂ ಆಧಾರವಾಗಿ ಹಿಡಿದು, ಯುರೋಪಿನಲ್ಲಿ ಗುಪ್ತವಾದ ಪ್ರಾಚೀನ ಮತವೊಂದಿದ್ದಿತೆಂದು ವಾದಿಸಿದರು. ಮೂಲಪ್ರತಿಗಳನ್ನು ಪರಿಶೀಲಿಸಿ ಎಮ್ಮಾ ವಿಲ್ಬಿಯವರು 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೇಳಿದವರ ಪಾಲನ್ನೂ ಹೇಳಿದವಳ ಪಾಲನ್ನೂ ಬೇರ್ಪಡಿಸಲು ಯತ್ನಿಸಿರುವುದು ಯುಕ್ತವಾಗಿದೆ. ಮುಂದೆ ಅವರು ಊಹಿಸುವ ದರ್ಶನಸಂಪ್ರದಾಯವನ್ನು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ.

ನನ್ನ ಮತದಲ್ಲಿ ಅವಳದೆಂದು ನಿಸ್ಸಂಶಯವಾಗಿ ಹೇಳತಕ್ಕವು ಪ್ರಾಸಬದ್ಧವಾದ ಮಂತ್ರಗಳು. ಮೊಲವಾಗಲು ಒಂದು, ಮರಳಿ ಹೆಣ್ಣಾಗಲು ಒಂದು. ಹೋಗುವ ಮಂತ್ರದಲ್ಲಿ ಸೈತಾನನ ಹೆಸರಿದೆ. ಮರಳುವ ಮಂತ್ರದಲ್ಲಿ ದೇವರ ಹೆಸರಿದೆ. ದೇವರನ್ನು ತೊರೆದವಳೆಂದು ಸಾಧಿಸಹೊರಟವರು ಇಂತಹ ಮಾತನ್ನು ತಾವಾಗಿ ಕಟ್ಟಿ ಅವಳ ಬಾಯಲ್ಲಿ ಇಡಲಾರರು. ಇನ್ನೆಸನೂ ಇಲ್ಲಿ ಪದ್ಯವನ್ನು ಕಡಿಯದೆ ಬರೆದಿರುವನು. ಮಂತ್ರವೇ ಅಪರಾಧಕ್ಕೆ ಸಾಕ್ಷಿಯೆಂದು ಅವನು ಬಗೆದಿರಬೇಕು. ಈಕೆಗೆ ವಿಧಿಸಿದ ದಂಡವನ್ನು ತಿಳಿಸುವ ಪತ್ರ ಉಳಿದುಬಂದಿಲ್ಲ. ಮೊಲವು ಹೆಣ್ಣಾಗಿ ಮರಳುವ ಪದ್ಯ ಉಳಿದಿದೆ.