ಕುಂದಗೋಳದ ಪಾಠ

ಪುಣೆಯ ಹಿಂಜವಾಡಿಯ ಐಟಿ ಕನ್ನಡಿಗರಲ್ಲಿ ಸಂಗೀತದ ಹುಚ್ಚಿರುವವರು ಡಿಸೆಂಬರಿಗೆ ಕಾಯುವುದು ಅಲ್ಲಿನ ಸವಾಯಿ ಗಂಧರ್ವ ಉತ್ಸವಕ್ಕಾಗಿ. ಗದುಗಿನ ಭೀಮಸೇನ ಜೋಶಿಯವರು ಗುರು ಸವಾಯಿ ಗಂಧರ್ವರ ನೆನಪಿಗೆಂದು 1953ರಲ್ಲಿ ಮುಂದೆ ನಿಂತು ಶುರುಮಾಡಿದ್ದು. ಕುಂದಗೋಳದ ಆ ಗುರುವಿನ ಮನೆಯೇ ಆಗಿನ ಸ್ನಾತಕೋತ್ತರ ವಿಭಾಗ, ಪದವಿಪತ್ರವೊಂದಿರಲಿಲ್ಲ, ಅಷ್ಟೇ! ತೋಡಿ, ಮುಲ್ತಾನಿ, ಪೂರಿಯಾ: ಕೆಲವೇ ರಾಗ, ವರ್ಷಗಟ್ಟಲೆ ತಿದ್ದುವಿಕೆ. ತೋಡಿಯ ಗಾಂಧಾರ ಎಷ್ಟು ಕೆಳಗೆ ನಿಲ್ಲಬೇಕೆಂಬುದು ಹಾರ್ಮೋನಿಯಂ ಮನೆಗೆ ಸಿಗುವಂಥದ್ದಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯಡಿಯ ನೂಲೆಳೆಯನ್ನು ಕೂದಲೆಳೆಯಷ್ಟು ಸರಿಸಿ ಜವಾರಿ ಕೂಡಿಸಿ, ಆ ಝೇಂಕಾರದೊಳಗೆ ಕಿವಿಯೇ ಅದನ್ನು ಹುಡುಕಿಕೊಳ್ಳಬೇಕು. ಷಡ್ಜದಿಂದ ಒಂದೊಂದೇ ಸ್ವರ ಬಿಚ್ಚುತ್ತ ಹೋಗುವ ಕಿರಾನಾ ಘರಾನೆಯ ಆಲಾಪದ ಸೊಗಸೆಲ್ಲ ಅಲ್ಲಿದೆ. ತಾನಗಳ ಅಬ್ಬರಕ್ಕಷ್ಟೇ ಚಪ್ಪಾಳೆ ತಟ್ಟುವವರಿಗೆ ಈ ಸಾವಧಾನ ತಪ್ಪಿಹೋಗುತ್ತದೆ. ಭೀಮಸೇನರ ಹಳೆಯ ಧ್ವನಿಮುದ್ರಿಕೆಗಳು ಈಗಲೂ ಸಿಗುತ್ತವೆ. ಮೊದಲ ಹತ್ತು ನಿಮಿಷವನ್ನು ಓಡಿಸದೆ ಕೇಳಿ.